ಹಳೆಯ ವೆಬ್‌ಸೈಟನ್ನು ಎಲ್ಲ ಪರದೆಗಳಿಗೂ ಒಗ್ಗಿಸುವುದು ಹೇಗೆ?

ಪ್ರಶ್ನೆ: ನಮ್ಮದು ಒಂದು ತರಬೇತಿ ಸಂಸ್ಥೆ. ವೆಬ್‌ಸೈಟ್ ಮಾಡಿಸಿ ಹತ್ತು ವರ್ಷದ ಮೇಲಾಯಿತು. ಸುಮಾರು 500 ಪುಟಗಳಿವೆ. ಶುಲ್ಕದ ಪಟ್ಟಿ, ವೇಳಾಪಟ್ಟಿ, ಅರ್ಜಿ, ಪಿಡಿಎಫ್ ಸುತ್ತೋಲೆ ಎಲ್ಲ ಅದರಲ್ಲೇ ಇವೆ. ಕಂಪ್ಯೂಟರಿನಲ್ಲಿ ಚೆನ್ನಾಗಿಯೇ ಕಾಣುತ್ತದೆ. ಮೊಬೈಲಿನಲ್ಲಿ ಮಾತ್ರ ಅಕ್ಷರಗಳು ಇರುವೆಯಷ್ಟಾಗುತ್ತವೆ, ಹಿಗ್ಗಿಸಿ ಅಡ್ಡಡ್ಡ ಎಳೆದು ಓದಬೇಕು. ಮೊಬೈಲಿಗೇ ಬೇರೆ ಸೈಟ್ ಮಾಡಿ ಎನ್ನುವವರಿದ್ದಾರೆ, ರೆಡಿಮೇಡ್ ಥೀಮ್ ಹಾಕಿದರೆ ಮುಗಿಯಿತು ಎನ್ನುವವರಿದ್ದಾರೆ, ಆ್ಯಪ್ ಮಾಡಿಸಿ ಎನ್ನುವವರೂ ಇದ್ದಾರೆ. ಯಾವುದು ಸರಿ? ಎಲ್ಲಿಂದ ಶುರು ಮಾಡಬೇಕು, ಏನೇನು ಕೆಡಬಹುದು?

ಉತ್ತರ: ಮೂರರಲ್ಲಿ ಯಾವುದೂ ಬೇಡ. ನಿಮಗೆ ಬೇಕಿರುವುದು ಒಂದೇ ವಿಳಾಸ, ಒಂದೇ ಎಚ್‌ಟಿಎಂಎಲ್ (ಪುಟದ ಪಠ್ಯವನ್ನೂ ರಚನೆಯನ್ನೂ ಬರೆಯುವ ಭಾಷೆ) ಮತ್ತು ಪರದೆಯ ಅಗಲಕ್ಕೆ ತಕ್ಕಂತೆ ತಾನೇ ಹೊಂದಿಕೊಳ್ಳುವ ವಿನ್ಯಾಸ. ಇದಕ್ಕೇ ರೆಸ್ಪಾನ್ಸಿವ್ ಡಿಸೈನ್ ಎನ್ನುತ್ತಾರೆ. ಆದರೆ ಇದರಲ್ಲಿ ಸಿಎಸ್‌ಎಸ್, ಅಂದರೆ ಪುಟದ ನೋಟವನ್ನು ನಿರ್ಧರಿಸುವ ನಿಯಮಗಳನ್ನು, ಬರೆಯುವುದು ಸಣ್ಣ ಪಾಲಿನ ಕೆಲಸ ಎಂಬುದು ಮೊದಲೇ ತಿಳಿದಿರಲಿ. 500 ಪುಟಗಳಲ್ಲಿ ಯಾವುವು ಉಳಿಯಬೇಕು, ಉಳಿದ ಪ್ರತಿ ಪುಟದಲ್ಲಿ ಮೊದಲು ಏನು ಕಾಣಬೇಕು ಎಂದು ತೀರ್ಮಾನಿಸುವುದಕ್ಕೇ ಹೆಚ್ಚು ಸಮಯ ಹಿಡಿಯುತ್ತದೆ. ಅಗಲ ಪರದೆಯಲ್ಲಿ ಹತ್ತು ಸಂಗತಿಗಳನ್ನು ಅಕ್ಕಪಕ್ಕ ಇಟ್ಟು ಈ ತೀರ್ಮಾನವನ್ನು ತಪ್ಪಿಸಿಕೊಳ್ಳಬಹುದು. 360 ಪಿಕ್ಸೆಲ್ ಅಗಲದ ಫೋನಿನಲ್ಲಿ ಆ ಹತ್ತೂ ಒಂದರ ಕೆಳಗೊಂದು ಬರಬೇಕು. ಯಾವುದು ಮೇಲಿರಬೇಕೆಂದು ಸಂಸ್ಥೆ ಹೇಳದಿದ್ದರೆ ಅದನ್ನು ಥೀಮ್ ತೀರ್ಮಾನಿಸುತ್ತದೆ. ಆಗ ಓದುಗರು ಹುಡುಕಿಕೊಂಡು ಬಂದ ಶುಲ್ಕದ ವಿವರ ನಾಲ್ಕು ಪರದೆ ಕೆಳಗೆ ಹೋಗಿ ಕೂರುತ್ತದೆ.

ನಿಮಗೆ ಬಂದ ಮೂರು ಸಲಹೆಗಳನ್ನು ಮೊದಲು ನೋಡೋಣ.

ಮೊಬೈಲಿಗೆ ಬೇರೆ ಸೈಟ್ ಮಾಡಿದರೆ ಪ್ರತಿ ಬದಲಾವಣೆಯನ್ನೂ ಎರಡು ಕಡೆ ಮಾಡಬೇಕು. ಕೆಲವೇ ತಿಂಗಳಲ್ಲಿ ಒಂದು ಕಡೆ ಹೊಸ ದಿನಾಂಕ, ಇನ್ನೊಂದು ಕಡೆ ಹಳೆಯ ದಿನಾಂಕ ಉಳಿಯುತ್ತದೆ. ಫೋನಿನಿಂದ ಕಳಿಸಿದ ಕೊಂಡಿಯನ್ನು ಕಂಪ್ಯೂಟರಿನಲ್ಲಿ ತೆರೆದವರಿಗೆ ಇಕ್ಕಟ್ಟಾದ ಪುಟ ಕಾಣುತ್ತದೆ. ಟ್ಯಾಬ್ಲೆಟ್, ಮಡಚುವ ಫೋನು ಯಾವ ಕಡೆಗೆ ಸೇರಬೇಕೆಂಬುದಕ್ಕೆ ಉತ್ತರವೇ ಇರುವುದಿಲ್ಲ. ಹುಡುಕಾಟದ ತೊಡಕೂ ಇದೆ. ಪುಟದ ಮೊಬೈಲ್ ರೂಪವನ್ನೇ ಮುಖ್ಯವೆಂದು ಪರಿಗಣಿಸುವುದಾಗಿ ಗೂಗಲ್ 2016ರ ನವೆಂಬರ್‌ನಲ್ಲಿ ಪ್ರಕಟಿಸಿತು, 2023ರ ಅಕ್ಟೋಬರ್‌ನಲ್ಲಿ ಆ ಬದಲಾವಣೆ ಪೂರ್ತಿಯಾಯಿತೆಂದು ಹೇಳಿತು. ಹಾಗಾಗಿ ಮೊಬೈಲ್ ಸೈಟಿನಲ್ಲಿ ಬಿಟ್ಟುಹೋದ ಮಾಹಿತಿ ಹುಡುಕಾಟದಲ್ಲೂ ಸಿಗುವುದಿಲ್ಲ ಎಂದೇ ಲೆಕ್ಕ.

ಆ್ಯಪ್ ಬೇಕಾಗುವುದು ದಿನವೂ ಲಾಗಿನ್ ಆಗುವವರಿಗೆ, ನೆಟ್‌ವರ್ಕ್ ಇಲ್ಲದಾಗಲೂ ಬಳಸುವವರಿಗೆ. ಒಂದು ಕೋರ್ಸಿನ ಶುಲ್ಕ ತಿಳಿಯಲು ಹುಡುಕಾಟದಿಂದ ಬರುವವರು ಅದಕ್ಕಾಗಿ ಆ್ಯಪ್ ಹಾಕಿಕೊಳ್ಳುವುದಿಲ್ಲ. ಆ್ಯಪ್ ಮಾಡಿಸಿದರೂ ವೆಬ್‌ಸೈಟ್ ಸರಿಪಡಿಸುವ ಕೆಲಸ ಹಾಗೆಯೇ ಉಳಿಯುತ್ತದೆ.

ಥೀಮಿನ ಸಲಹೆಯಲ್ಲಿ ಅರ್ಧ ಸತ್ಯವಿದೆ. ಒಳ್ಳೆಯ ಥೀಮನ್ನು ತಳಪಾಯವಾಗಿ ಬಳಸಬಹುದು. ಆದರೆ ಥೀಮ್ ಬದಲಿಸುವುದು ಪುಟದ ಚೌಕಟ್ಟನ್ನು ಮಾತ್ರ. ಹತ್ತು ವರ್ಷಗಳಲ್ಲಿ ಪಠ್ಯದ ಒಳಗೇ ಸೇರಿಕೊಂಡಿರುವ 950 ಪಿಕ್ಸೆಲ್ ಅಗಲದ ಟೇಬಲ್, ವರ್ಡ್ ಕಡತದಿಂದ ಅಂಟಿಸಿದ ಸ್ಟೈಲ್‌ಗಳು, ಅಕ್ಷರಗಳೇ ತುಂಬಿದ ಬ್ಯಾನರ್ ಚಿತ್ರಗಳು ಎಲ್ಲವೂ ಹಾಗೇ ಉಳಿದು ಹೊಸ ಚೌಕಟ್ಟನ್ನೂ ಹರಿದು ಹೊರಬರುತ್ತವೆ.

ಅಕ್ಷರ ಸಣ್ಣದಾಗುವುದು ಏಕೆ

ನಿಮ್ಮ ಪುಟದ ಹೆಡ್ ಭಾಗದಲ್ಲಿ, ಪುಟವನ್ನು ಎಷ್ಟು ಅಗಲಕ್ಕೆ ತೋರಿಸಬೇಕೆಂದು ಬ್ರೌಸರಿಗೆ ಹೇಳುವ ವ್ಯೂಪೋರ್ಟ್ ಮೆಟಾ ಟ್ಯಾಗ್ ಇಲ್ಲದಿರುವುದು ಬಹುತೇಕ ಖಚಿತ. 2007ರಲ್ಲಿ ಐಫೋನ್ ಬಂದಾಗ ಇದ್ದ ಸೈಟುಗಳೆಲ್ಲ ಕಂಪ್ಯೂಟರ್ ಪರದೆಗೆಂದೇ ಮಾಡಿದವು. ಅವನ್ನು ಹೇಗಾದರೂ ತೋರಿಸಬೇಕೆಂದು ಅದರ ಬ್ರೌಸರ್ ಪುಟಕ್ಕೆ 980 ಪಿಕ್ಸೆಲ್ ಅಗಲವಿದೆಯೆಂದು ಭಾವಿಸಿ, ಬಿಡಿಸಿ, ಆಮೇಲೆ ಪರದೆಗೆ ಕುಗ್ಗಿಸುತ್ತಿತ್ತು. ಟ್ಯಾಗ್ ಇಲ್ಲದ ಪುಟಕ್ಕೆ ಇಂದಿಗೂ ಆಗುವುದು ಅದೇ. 980 ಪಿಕ್ಸೆಲನ್ನು 360ಕ್ಕೆ ಕುಗ್ಗಿಸಿದಾಗ 16 ಪಿಕ್ಸೆಲ್ ಅಕ್ಷರ ಸುಮಾರು 6 ಪಿಕ್ಸೆಲ್ ಆಗುತ್ತದೆ.

ಟ್ಯಾಗಿನಲ್ಲಿ ಇರಬೇಕಾದದ್ದು ಎರಡೇ ಮಾತು: ವಿಡ್ತ್=ಡಿವೈಸ್-ವಿಡ್ತ್, ಇನಿಷಿಯಲ್-ಸ್ಕೇಲ್=1. ಯೂಸರ್-ಸ್ಕೇಲಬಲ್=ನೋ ಎಂದಾಗಲಿ, ಮ್ಯಾಕ್ಸಿಮಮ್-ಸ್ಕೇಲ್=1 ಎಂದಾಗಲಿ ಸೇರಿಸಬೇಡಿ. ಕಣ್ಣು ಮಂಜಾದವರು ಬೆರಳಿನಿಂದ ಹಿಗ್ಗಿಸಿ ಓದುವುದನ್ನು ಅದು ತಡೆಯುತ್ತದೆ. ಇನ್ನು, ಈ ಟ್ಯಾಗ್ ಒಂದನ್ನೇ ಹಾಕಿ ಸುಮ್ಮನಾದರೆ ಕಷ್ಟ ಹೆಚ್ಚುತ್ತದೆ. ಹಳೆಯ 960 ಪಿಕ್ಸೆಲ್ ಚೌಕಟ್ಟು ಕುಗ್ಗದೆ ಪರದೆಯಾಚೆ ಚಾಚಿಕೊಳ್ಳುತ್ತದೆ. ವಿನ್ಯಾಸ ಬದಲಾದ ಪುಟಕ್ಕೆ ಮಾತ್ರ ಟ್ಯಾಗ್ ಹಾಕುತ್ತ ಹೋಗಿ.

ವಿನ್ಯಾಸದ ಮೂಲಸೂತ್ರ ಹಳೆಯದೇ. 2010ರ ಮೇ ತಿಂಗಳಲ್ಲಿ ಈಥನ್ ಮಾರ್ಕಾಟ್ ಬರೆದ ಲೇಖನವೊಂದು ಇದಕ್ಕೆ ಹೆಸರನ್ನೂ ಮೂರು ಅಂಗಗಳನ್ನೂ ಕೊಟ್ಟಿತು: ಶೇಕಡಾವಾರು ಅಗಲದ ಕಾಲಂಗಳು, ಚೌಕಟ್ಟಿಗೆ ತಕ್ಕಂತೆ ಕುಗ್ಗುವ ಚಿತ್ರಗಳು, ಅಗಲ ನೋಡಿ ನಿಯಮ ಬದಲಿಸುವ ಮೀಡಿಯಾ ಕ್ವೆರಿಗಳು. ಮರುವರ್ಷವೇ ಬಾಸ್ಟನ್ ಗ್ಲೋಬ್ ಪತ್ರಿಕೆ ಇಡೀ ಸೈಟನ್ನು ಈ ರೀತಿಯಲ್ಲಿ ಹೊರತಂದು, ದೊಡ್ಡ ಸಂಸ್ಥೆಗಳಿಗೂ ಇದು ಆಗುವ ಕೆಲಸವೆಂದು ತೋರಿಸಿತು. ಆಮೇಲೆ 2017ರಲ್ಲಿ ಪುಟವನ್ನು ಸಾಲು, ಕಾಲಂಗಳಾಗಿ ಹಂಚುವ ಸಿಎಸ್‌ಎಸ್ ಗ್ರಿಡ್, 2023ರ ಹೊತ್ತಿಗೆ ಸುತ್ತಲಿನ ಪೆಟ್ಟಿಗೆಯ ಅಗಲ ನೋಡಿ ನಿಯಮ ಬದಲಿಸುವ ಕಂಟೇನರ್ ಕ್ವೆರಿ ಎಲ್ಲ ಮುಖ್ಯ ಬ್ರೌಸರುಗಳಲ್ಲೂ ಬಂದು ಕೆಲಸ ಇನ್ನಷ್ಟು ಹಗುರಾಯಿತು.

ಪುಟಗಳ ಲೆಕ್ಕ

ವಿನ್ಯಾಸಕಾರರನ್ನು ಕರೆಯುವ ಮೊದಲು ಒಂದು ಸ್ಪ್ರೆಡ್‌ಶೀಟ್ ತೆರೆಯಿರಿ. ಸೈಟಿನ ಕೊಂಡಿಗಳನ್ನೆಲ್ಲ ಹಿಂಬಾಲಿಸಿ ಪಟ್ಟಿ ಮಾಡುವ ಕ್ರಾಲರ್ ಸಾಧನಗಳಿವೆ, ಅವುಗಳಿಂದ ಎಲ್ಲ ವಿಳಾಸಗಳನ್ನೂ ತೆಗೆಯಿರಿ. ಪ್ರತಿ ಸಾಲಿನಲ್ಲಿ ಪುಟದ ವಿಳಾಸ, ಕೊನೆಯ ಬಾರಿ ತಿದ್ದಿದ ದಿನ, ಕಳೆದ 12 ತಿಂಗಳ ಭೇಟಿಗಳು, ಹೊಣೆ ಹೊತ್ತವರ ಹೆಸರು, ತೀರ್ಮಾನ ಮತ್ತು ಹೊಸ ವಿಳಾಸ ಇರಲಿ. ಒಂದು ವರ್ಷದ ಲೆಕ್ಕ ಬೇಕೆನ್ನುವುದಕ್ಕೆ ಕಾರಣವಿದೆ: ಪ್ರವೇಶದ ತಿಂಗಳಲ್ಲಿ ಮಾತ್ರ ಓದುವ ಪುಟಗಳು ಮೂರು ತಿಂಗಳ ಲೆಕ್ಕದಲ್ಲಿ ಸತ್ತಂತೆ ಕಾಣುತ್ತವೆ. ತೀರ್ಮಾನದ ಕಾಲಂನಲ್ಲಿ ನಾಲ್ಕೇ ಪದ ಸಾಕು: ಉಳಿಸು, ಬೇರೊಂದಕ್ಕೆ ಸೇರಿಸು, ಹೊಸದಾಗಿ ಬರೆ, ತೆಗೆ. ಹೊಣೆ ಹೊರುವವರೇ ಸಿಗದ ಪುಟ ಸಾಮಾನ್ಯವಾಗಿ ನಾಲ್ಕನೆಯ ಗುಂಪಿಗೆ ಸೇರುತ್ತದೆ.

ಭೇಟಿಯ ಅಂಕಿಗಳನ್ನು ಎಚ್ಚರದಿಂದ ಓದಿ. ಮೊಬೈಲಿನಿಂದ ಬರುವವರು ಕಡಿಮೆ ಎಂದು ಕಂಡರೆ ಮೊಬೈಲ್ ಮುಖ್ಯವಲ್ಲ ಎಂದು ಅರ್ಥವಲ್ಲ. ಓದಲಾಗದೆ ಹಿಂತಿರುಗಿದವರು ಮತ್ತೆ ಬರುವುದಿಲ್ಲ, ಅಷ್ಟೆ.

ಪಿಡಿಎಫ್‌ಗಳಿಗೂ ಇದೇ ಲೆಕ್ಕ ಮಾಡಿ. ಎ4 ಹಾಳೆಗೆ ಹೊಂದಿಸಿದ ಪಿಡಿಎಫ್ ಫೋನಿನಲ್ಲಿ ಮರುಜೋಡಣೆಯಾಗುವುದಿಲ್ಲ, ಹಿಗ್ಗಿಸಿ ಎಳೆಯುವ ಅದೇ ಪಾಡು. ಹೆಚ್ಚು ತೆರೆಯುವ ಸುತ್ತೋಲೆಗಳನ್ನು ಸಾಮಾನ್ಯ ಪುಟವಾಗಿ ಬರೆಯಿರಿ. ಮುದ್ರಿಸಿ ಸಹಿ ಹಾಕಬೇಕಾದವನ್ನು ಮಾತ್ರ ಪಿಡಿಎಫ್ ಆಗಿಯೇ ಇಟ್ಟು, ಕೊಂಡಿಯ ಪಕ್ಕದಲ್ಲಿ ಕಡತದ ಗಾತ್ರ, ದಿನಾಂಕ ಬರೆಯಿರಿ.

ಪಟ್ಟಿ ಮುಗಿದಾಗ 500 ಪುಟಗಳ ಹಿಂದೆ ಎಂಟು ಹತ್ತು ನಮೂನೆಗಳಷ್ಟೇ ಇರುವುದು ಕಾಣುತ್ತದೆ: ಮುಖಪುಟ, ಪಟ್ಟಿ, ಕೋರ್ಸ್ ವಿವರ, ಸುದ್ದಿ, ಕೋಷ್ಟಕ, ಅರ್ಜಿ, ಸಂಪರ್ಕ, ಹುಡುಕಾಟದ ಫಲಿತಾಂಶ, ಪುಟ ಸಿಗಲಿಲ್ಲ ಎನ್ನುವ ಪುಟ. ಈ ನಮೂನೆಗಳಿಗೆ ವಿನ್ಯಾಸ ಮಾಡಬೇಕು. ಮುಖಪುಟವನ್ನು ಕೊನೆಗೆ ಇಟ್ಟುಕೊಳ್ಳಿ. ಹುಡುಕಾಟದಿಂದ ಬರುವವರು ನೇರವಾಗಿ ಒಳಪುಟಕ್ಕೇ ಇಳಿಯುತ್ತಾರೆ. ಆದರೂ ಸಭೆಗಳೆಲ್ಲ ಮುಖಪುಟದ ಜಾರುಚಿತ್ರಗಳ ಚರ್ಚೆಯಲ್ಲೇ ಮುಗಿದುಹೋಗುತ್ತವೆ.

320 ಪಿಕ್ಸೆಲ್‌ನಿಂದ ಮೇಲಕ್ಕೆ

ಯಾವ ಕಂಪನಿಯ ಯಾವ ಫೋನಿಗೆ ಎಷ್ಟು ಅಗಲ ಎಂಬ ಪಟ್ಟಿ ಹಿಡಿದು ವಿನ್ಯಾಸ ಮಾಡಬೇಡಿ. ಆ ಪಟ್ಟಿ ಪ್ರತಿ ವರ್ಷ ಹಳತಾಗುತ್ತದೆ. ಇಲ್ಲಿ ಪಿಕ್ಸೆಲ್ ಎಂದರೆ ಸಿಎಸ್‌ಎಸ್ ಪಿಕ್ಸೆಲ್: ಪರದೆಯಲ್ಲಿ 1080 ಚುಕ್ಕೆಗಳಿದ್ದು ಸಾಂದ್ರತೆ 3 ಇದ್ದರೆ ಆ ಫೋನಿನ ಅಗಲ 360.

ನಿಜವಾದ ಪಠ್ಯವನ್ನೇ ಹಾಕಿ ಬ್ರೌಸರ್ ಕಿಟಕಿಯನ್ನು 320ಕ್ಕೆ ಇಳಿಸಿ, ಒಂದೇ ಕಾಲಂನಲ್ಲಿ ಪುಟವನ್ನು ಸರಿಪಡಿಸಿ. ಆಮೇಲೆ ಕಿಟಕಿಯನ್ನು ನಿಧಾನವಾಗಿ ಅಗಲಿಸುತ್ತ ಹೋಗಿ. ಸಾಲು ಓದಲಾರದಷ್ಟು ಉದ್ದವಾಗುವ ಅಥವಾ ಪಕ್ಕದಲ್ಲಿ ಖಾಲಿ ಜಾಗ ಎದ್ದು ಕಾಣುವ ಅಗಲವೇ ನಿಮ್ಮ ಬ್ರೇಕ್‌ಪಾಯಿಂಟ್, ಅಂದರೆ ವಿನ್ಯಾಸ ಬದಲಾಗಬೇಕಾದ ಜಾಗ. ಹೆಚ್ಚಿನ ಸೈಟುಗಳಿಗೆ ಮೂರು ನಾಲ್ಕು ಸಾಕು. ಅವನ್ನು ಪಿಕ್ಸೆಲ್‌ನಲ್ಲಿ ಬರೆಯದೆ ಅಕ್ಷರದ ಗಾತ್ರವನ್ನು ಆಧರಿಸಿದ ಇಎಂ ಮಾನದಲ್ಲಿ ಬರೆಯಿರಿ, ಉದಾಹರಣೆಗೆ 768 ಪಿಕ್ಸೆಲ್ ಬದಲು 48 ಇಎಂ. ಬ್ರೌಸರಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡವರಿಗೂ ಆಗ ವಿನ್ಯಾಸ ಸರಿಯಾದ ಜಾಗದಲ್ಲಿ ಬದಲಾಗುತ್ತದೆ.

320 ಎಂಬ ಸಂಖ್ಯೆ ಸುಮ್ಮನೆ ಬಂದದ್ದಲ್ಲ. ಅಂಗವಿಕಲರೂ ಬಳಸುವಂತೆ ವೆಬ್‌ಸೈಟ್ ಹೇಗಿರಬೇಕೆಂದು ಹೇಳುವ, 2018ರಲ್ಲಿ ಬಂದ ಡಬ್ಲ್ಯುಸಿಎಜಿ 2.1 ಮಾನದಂಡದ ಪ್ರಕಾರ 320 ಸಿಎಸ್‌ಎಸ್ ಪಿಕ್ಸೆಲ್ ಅಗಲದಲ್ಲಿ ಓದುಗರು ಅಡ್ಡಡ್ಡ ಸರಿಸುವಂತಾಗಬಾರದು. 1280 ಪಿಕ್ಸೆಲ್ ಅಗಲದ ಕಂಪ್ಯೂಟರಿನಲ್ಲಿ ಶೇ 400ರಷ್ಟು ಹಿಗ್ಗಿಸಿದಾಗ ಉಳಿಯುವ ಅಗಲವೂ ಅಷ್ಟೇ. ಚಿಕ್ಕ ಫೋನಿಗೆ ಮಾಡಿದ ಕೆಲಸ ದೃಷ್ಟಿ ಕಡಿಮೆ ಇರುವವರಿಗೂ ಒದಗುತ್ತದೆ.

ಈ ಹಂತದಲ್ಲಿ ಅಡ್ಡಪಟ್ಟಿ, ಅಂದರೆ ಅಡ್ಡಡ್ಡ ಸ್ಕ್ರಾಲ್, ಕಾಣಿಸಿಕೊಂಡೇ ತೀರುತ್ತದೆ. ಪುಟದ ಬಾಡಿ ಅಂಶಕ್ಕೆ ಓವರ್‌ಫ್ಲೋ-ಎಕ್ಸ್ ಹಿಡನ್ ಎಂದು ಬರೆದು ಮುಚ್ಚಿಬಿಡಬೇಡಿ. ಅಡ್ಡಪಟ್ಟಿ ಮಾಯವಾಗುತ್ತದೆ, ಜೊತೆಗೆ ಬಲಗಡೆಯ ಪಠ್ಯವೂ ಕತ್ತರಿಸಿಹೋಗುತ್ತದೆ. ಎಲ್ಲ ಅಂಶಗಳಿಗೂ ಒಂದು ಬಣ್ಣದ ಔಟ್‌ಲೈನ್ ಹಾಕಿ ನೋಡಿದರೆ ಹೊರಚಾಚಿದ್ದು ಯಾವುದೆಂದು ಸಿಗುತ್ತದೆ. ಸಾಮಾನ್ಯ ಕಾರಣಗಳು ಕೆಲವೇ. ಉದ್ದವಾದ ಇಮೇಲ್ ಅಥವಾ ವೆಬ್ ವಿಳಾಸ ತುಂಡಾಗದೆ ನಿಂತಿರುತ್ತದೆ, ಅದಕ್ಕೆ ಓವರ್‌ಫ್ಲೋ-ರ‍್ಯಾಪ್ ಎನಿವೇರ್ ಸಾಕು. ಗ್ರಿಡ್‌ನಲ್ಲಿ 1ಎಫ್‌ಆರ್ ಎಂದು ಬರೆದ ಕಾಲಂ ತನ್ನೊಳಗಿನ ಅಗಲವಾದ ವಸ್ತುವಿಗಿಂತ ಕೆಳಗೆ ಕುಗ್ಗುವುದಿಲ್ಲ. ಅದನ್ನು ಮಿನ್‌ಮ್ಯಾಕ್ಸ್(0, 1ಎಫ್‌ಆರ್) ಎಂದು ಬದಲಿಸಬೇಕು, ಫ್ಲೆಕ್ಸ್‌ಬಾಕ್ಸ್ ಆಗಿದ್ದರೆ ಆ ಅಂಶಕ್ಕೆ ಮಿನ್-ವಿಡ್ತ್ 0 ಕೊಡಬೇಕು. ಇನ್ನೊಂದು ಕಾರಣ ಪರದೆಯ ಪೂರ್ತಿ ಅಗಲ ಎಂಬರ್ಥದ 100ವಿಡಬ್ಲ್ಯು. ಅದರಲ್ಲಿ ಸ್ಕ್ರಾಲ್‌ಪಟ್ಟಿಯ ಅಗಲವೂ ಸೇರಿರುವುದರಿಂದ ಕಂಪ್ಯೂಟರಿನಲ್ಲಿ ಪುಟ ಕೊಂಚ ಹೊರಚಾಚುತ್ತದೆ. ಶೇ 100 ಎಂದರೆ ಸಾಕು. ಪೂರ್ತಿ ಎತ್ತರಕ್ಕೆ ಬರೆಯುವ 100ವಿಎಚ್ ಇನ್ನೊಂದು ಬಗೆಯ ತೊಂದರೆ ಕೊಡುತ್ತದೆ. ಫೋನಿನ ಬ್ರೌಸರಿನ ವಿಳಾಸಪಟ್ಟಿ (ಅಡ್ರೆಸ್ ಬಾರ್) ತೆರೆದಿರುವಾಗ ಪುಟದ ತಳದ ಬಟನ್ ಪರದೆಯ ಕೆಳಗೆ ಜಾರುತ್ತದೆ. ಅಲ್ಲಿ ವಿಳಾಸಪಟ್ಟಿಯನ್ನೂ ಲೆಕ್ಕಕ್ಕೆ ಹಿಡಿಯುವ ಎಸ್‌ವಿಎಚ್ ಅಥವಾ ಡಿವಿಎಚ್ ಬಳಸಿ.

ಒಂದು ತಪ್ಪು ಮಾತ್ರ ಕಣ್ಣಿಗೆ ಬೀಳುವುದೇ ಇಲ್ಲ. ಸಿಎಸ್‌ಎಸ್‌ನ ಆರ್ಡರ್ ಗುಣ ಬಳಸಿ ಫೋನಿನಲ್ಲಿ ಕೆಳಗಿನದನ್ನು ಮೇಲೆ ತಂದರೆ ನೋಡಲು ಸರಿಯಾಗಿರುತ್ತದೆ. ಕೀಲಿಮಣೆಯ ಟ್ಯಾಬ್ ಮತ್ತು ಪರದೆಯ ಪಠ್ಯವನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಮಾತ್ರ ಎಚ್‌ಟಿಎಂಎಲ್‌ನ ಹಳೆಯ ಕ್ರಮದಲ್ಲೇ ನಡೆಯುತ್ತವೆ. ಕ್ರಮವನ್ನು ಎಚ್‌ಟಿಎಂಎಲ್‌ನಲ್ಲೇ ಸರಿಪಡಿಸಿ.

ಅಕ್ಷರ, ಮೆನು, ಚಿತ್ರ

ಮೂಲ ಅಕ್ಷರ 16 ಪಿಕ್ಸೆಲ್‌ಗಿಂತ ಕೆಳಗೆ ಬೇಡ, ಅದನ್ನೂ ಬ್ರೌಸರಿನ ಮೂಲ ಅಕ್ಷರ ಗಾತ್ರವನ್ನು ಆಧರಿಸಿದ ರೆಮ್ ಮಾನದಲ್ಲಿ ಬರೆಯಿರಿ. ಕನ್ನಡ ಪಠ್ಯಕ್ಕೆ ಸಾಲುಗಳ ಎತ್ತರ 1.6ರಿಂದ 1.8 ಇರಲಿ. ಇಂಗ್ಲಿಷಿಗೆಂದು ಮಾಡಿದ ಥೀಮ್‌ಗಳಲ್ಲಿ ಶೀರ್ಷಿಕೆಗೆ 1.1 ಅಥವಾ 1.2 ಇರುತ್ತದೆ. ಅಲ್ಲಿ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಹಳೆಯ ಪುಟಗಳಲ್ಲಿ ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಬರೆದ ಪಠ್ಯ ಇದ್ದರೆ ಮೊದಲು ಪರಿವರ್ತಿಸಿ. ಆ ಫಾಂಟ್ ಫೋನಿನಲ್ಲಿ ಇಲ್ಲದಿರುವುದರಿಂದ ಓದುಗರಿಗೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು ಕಾಣುತ್ತದೆ, ಹುಡುಕಾಟದಲ್ಲಂತೂ ಅದು ಸಿಗುವುದೇ ಇಲ್ಲ. ಪರಿವರ್ತನೆಯ ನಂತರ ಅರ್ಕಾವತ್ತು, ಒತ್ತಕ್ಷರಗಳನ್ನು ಒಬ್ಬರು ಕಣ್ಣಿಟ್ಟು ನೋಡಲೇಬೇಕು.

ಫಾಂಟ್ ಕಡತವನ್ನು ವೆಬ್‌ಗೆಂದು ಕುಗ್ಗಿಸಿದ ವೋಫ್2 ರೂಪದಲ್ಲಿ, ಬೇಕಾದ ಎರಡೇ ತೂಕಗಳಲ್ಲಿ (ಸಾಧಾರಣ, ದಪ್ಪ) ಕೊಡಿ. ಕಡತ ಚಿಕ್ಕದು ಮಾಡಲು ಬೇಡದ ಅಕ್ಷರಗಳನ್ನು ತೆಗೆಯುವವರು ಫಾಂಟಿನೊಳಗಿನ ಜೋಡಣೆಯ ಕೋಷ್ಟಕಗಳನ್ನೂ, ಕಣ್ಣಿಗೆ ಕಾಣದ ಎರಡು ಜೋಡಕ ಸಂಕೇತಗಳನ್ನೂ ತೆಗೆದುಬಿಡುವುದುಂಟು. ಆಗ ಒತ್ತಕ್ಷರ ಬಿಡಿಯಾಗಿ ಬೀಳುತ್ತದೆ, ವೆಬ್‌ಸೈಟ್, ರ‍್ಯಾಂಕ್‌ನಂತಹ ಪದಗಳು ಕೆಡುತ್ತವೆ.

ಮೆನುವಿನಲ್ಲಿ ನಾಲ್ಕೈದು ಅಂಶಗಳಿದ್ದರೆ ಅವನ್ನು ಬಿಡಿಸಿಯೇ ತೋರಿಸಿ. ಹೆಚ್ಚಿದ್ದರೆ ಮಾತ್ರ ಬಟನ್ನಿನ ಹಿಂದೆ ಇಡಿ. ಮೂರು ಗೆರೆಯ ಚಿಹ್ನೆಯ ಪಕ್ಕದಲ್ಲಿ ಮೆನು ಎಂದು ಬರೆದಿರಲಿ, ಅದು ನಿಜವಾದ ಬಟನ್ ಅಂಶವೇ ಆಗಿರಲಿ. ಮೌಸ್ ಮೇಲೆ ಬಂದಾಗ ತೆರೆಯುವ ಉಪಮೆನು ಬೆರಳಿಗೆ ತೆರೆಯುತ್ತದೆಂಬ ಭರವಸೆಯಿಲ್ಲ, ತಟ್ಟಿದಾಗಲೂ ತೆರೆಯಬೇಕು. ಒತ್ತುವ ಜಾಗ ಕನಿಷ್ಠ 24 ಪಿಕ್ಸೆಲ್ ಚೌಕ ಇರಬೇಕೆಂದು 2023ರ ಡಬ್ಲ್ಯುಸಿಎಜಿ 2.2 ಹೇಳುತ್ತದೆ. ಆ್ಯಪಲ್ ಹೇಳುವುದು 44, ಆಂಡ್ರಾಯ್ಡ್ ಹೇಳುವುದು 48. ಮುಖ್ಯ ಬಟನ್‌ಗಳಿಗೆ 48ನ್ನೇ ಹಿಡಿಯಿರಿ. ಮೇಲೆ ಅಂಟಿಕೊಂಡೇ ಇರುವ ಶಿರಪಟ್ಟಿ 120 ಪಿಕ್ಸೆಲ್ ಎತ್ತರವಿದ್ದರೆ, ಫೋನನ್ನು ಅಡ್ಡ ಹಿಡಿದಾಗ ಪರದೆಯ ಮೂರನೆಯ ಒಂದು ಭಾಗವನ್ನು ಅದೇ ತಿನ್ನುತ್ತದೆ.

ಚಿತ್ರಗಳ ವಿಷಯದಲ್ಲಿ, ಪ್ರತಿ ಚಿತ್ರವನ್ನೂ 480, 800, 1200, 1600 ಪಿಕ್ಸೆಲ್ ಅಗಲಗಳಲ್ಲಿ ವೆಬ್‌ಪಿ ರೂಪದಲ್ಲಿ ತಯಾರಿಸಿ ಎಸ್‌ಆರ್‌ಸಿಸೆಟ್‌ನಲ್ಲಿ (ಬ್ರೌಸರ್ ತನಗೆ ತಕ್ಕದ್ದನ್ನು ಆರಿಸಿಕೊಳ್ಳುವ ಚಿತ್ರಗಳ ಪಟ್ಟಿ) ಕೊಡಿ. ಜೊತೆಗೆ ಚಿತ್ರ ಎಷ್ಟು ಅಗಲ ಕಾಣುತ್ತದೆಂದು ಹೇಳುವ ಸೈಜಸ್ ಬರೆಯುವುದನ್ನು ಮರೆಯಬೇಡಿ. ಅದಿಲ್ಲದಿದ್ದರೆ ಚಿತ್ರ ಇಡೀ ಪರದೆಯಷ್ಟು ಅಗಲವೆಂದು ಬ್ರೌಸರ್ ಭಾವಿಸಿ, ಸಣ್ಣ ಚೌಕಕ್ಕೂ ದೊಡ್ಡ ಕಡತ ತರುತ್ತದೆ. ಅಗಲ, ಎತ್ತರ ಎರಡನ್ನೂ ಎಚ್‌ಟಿಎಂಎಲ್‌ನಲ್ಲೇ ಬರೆದರೆ ಚಿತ್ರ ಬರುವ ಮೊದಲೇ ಜಾಗ ಕಾದಿರಿಸಿದಂತಾಗಿ ಪಠ್ಯ ಕೆಳಕ್ಕೆ ಹಾರುವುದಿಲ್ಲ. ಲೇಜಿ ಲೋಡಿಂಗ್, ಅಂದರೆ ಓದುಗರು ಹತ್ತಿರ ಬಂದಾಗ ಮಾತ್ರ ಚಿತ್ರ ತರುವುದು, ಕೆಳಗಿನ ಚಿತ್ರಗಳಿಗೆ ಸರಿ, ಮೊದಲ ಪರದೆಯ ದೊಡ್ಡ ಚಿತ್ರಕ್ಕೆ ಹಾಕಿದರೆ ಪುಟ ತಡವಾಗುತ್ತದೆ. ಫೋನಿನಲ್ಲಿ ಡಿಸ್‌ಪ್ಲೇ ನನ್ ಎಂದು ಅಡಗಿಸಿದ ಚಿತ್ರವೂ ಡೌನ್‌ಲೋಡ್ ಆಗುತ್ತದೆ ಎಂಬುದು ಹಲವರಿಗೆ ಗೊತ್ತಿಲ್ಲ. ಬ್ಯಾನರಿನ ಮೇಲಿನ ಬರಹವನ್ನು ಚಿತ್ರದಿಂದ ಹೊರತೆಗೆದು ಪಠ್ಯವಾಗಿ ಬರೆಯಿರಿ, ಏಕೆಂದರೆ ಚಿತ್ರದ ಜೊತೆಗೆ ಅದೂ ಕುಗ್ಗುತ್ತದೆ.

ಕೋಷ್ಟಕ ಮತ್ತು ಅರ್ಜಿ

ನಿಮ್ಮಂತಹ ಸಂಸ್ಥೆಗಳ ಮರುವಿನ್ಯಾಸ ಸೋಲುವುದು ಇಲ್ಲೇ. ಆದ್ದರಿಂದ ಪ್ರಯೋಗದ ಮೊದಲ ಪುಟವಾಗಿ ನಿಮ್ಮಲ್ಲಿರುವ ಅತಿ ದೊಡ್ಡ ಶುಲ್ಕದ ಪಟ್ಟಿಯನ್ನೇ ಆರಿಸಿಕೊಳ್ಳಿ.

ಮೊದಲು ಎರಡು ಬಗೆಯ ಟೇಬಲ್‌ಗಳನ್ನು ಬೇರ್ಪಡಿಸಿ. ಬರೀ ಜೋಡಣೆಗೆಂದು ಹಳೆಯ ಕಾಲದಲ್ಲಿ ಬಳಸಿದ ಟೇಬಲ್‌ಗಳನ್ನು ಪೂರ್ತಿ ಕಿತ್ತುಹಾಕಿ. ಉಳಿಯುವುದು ನಿಜವಾದ ಕೋಷ್ಟಕಗಳು. ಅವುಗಳಿಗೆ ಯಾವ ಉಪಾಯ ಎಂಬುದು ಓದುಗರು ಅದನ್ನು ಹೇಗೆ ಓದುತ್ತಾರೆ ಎನ್ನುವುದರ ಮೇಲೆ ನಿಂತಿದೆ.

ಸಾಲುಗಳನ್ನು ಒಂದಕ್ಕೊಂದು ಹೋಲಿಸಿ ನೋಡುವ ಕೋಷ್ಟಕವಾದರೆ ಕೋಷ್ಟಕವಾಗಿಯೇ ಇರಲಿ. ಅದರ ಸುತ್ತ ಓವರ್‌ಫ್ಲೋ-ಎಕ್ಸ್ ಆಟೊ ಇರುವ ಪೆಟ್ಟಿಗೆ ಹಾಕಿ, ಮೊದಲ ಕಾಲಂ ಸರಿಯದೆ ನಿಲ್ಲುವಂತೆ ಸ್ಟಿಕಿ ಮಾಡಿ. ಪುಟ ನಿಂತಲ್ಲೇ ನಿಂತು ಕೋಷ್ಟಕ ಮಾತ್ರ ಅಡ್ಡಡ್ಡ ಸರಿಯುತ್ತದೆ. ಎರಡು ಆಯಾಮದ ಕೋಷ್ಟಕಕ್ಕೆ ಮೇಲೆ ಹೇಳಿದ 320ರ ನಿಯಮದಲ್ಲೂ ವಿನಾಯಿತಿ ಇದೆ. ಪೆಟ್ಟಿಗೆಗೆ ಟ್ಯಾಬ್‌ಇಂಡೆಕ್ಸ್ 0 ಮತ್ತು ಒಂದು ಹೆಸರು ಕೊಟ್ಟರೆ ಕೀಲಿಮಣೆಯಿಂದಲೂ ಸರಿಸಬಹುದು. ಬಲ ಅಂಚಿನಲ್ಲಿ ಒಂದು ಕಾಲಂ ಅರ್ಧ ಕಾಣುವಂತಿದ್ದರೆ ಮುಂದೆ ಇನ್ನೂ ಇದೆ ಎಂದು ಗೊತ್ತಾಗುತ್ತದೆ. ಸರಿಯಾಗಿ ಕಾಲಂ ಮುಗಿಯುವಲ್ಲಿ ಪರದೆ ಮುಗಿದರೆ ಓದುಗರು ಅಷ್ಟೇ ಇದೆಯೆಂದುಕೊಂಡು ಬಿಡುತ್ತಾರೆ.

ತನಗೆ ಬೇಕಾದ ಒಂದೇ ಸಾಲನ್ನು ಹುಡುಕುವ ಕೋಷ್ಟಕವಾದರೆ, ಕಾಲಂಗಳು ನಾಲ್ಕರೊಳಗಿದ್ದರೆ, ಫೋನಿನಲ್ಲಿ ಪ್ರತಿ ಸಾಲನ್ನೂ ಒಂದು ಕಾರ್ಡ್ ಮಾಡಿ. ಪ್ರತಿ ಮಾಹಿತಿಯ ಪಕ್ಕದಲ್ಲಿ ಅದರ ಕಾಲಂ ಹೆಸರು ಮತ್ತೆ ಬರಬೇಕು. ಟೇಬಲ್‌ನ ಅಂಶಗಳನ್ನು ಡಿಸ್‌ಪ್ಲೇ ಬ್ಲಾಕ್ ಮಾಡಿದಾಗ ಸ್ಕ್ರೀನ್ ರೀಡರ್‌ಗೆ ಅದು ಕೋಷ್ಟಕವೆಂಬ ಗುರುತೇ ಅಳಿಯಬಹುದು. ಆದ್ದರಿಂದ ಟೇಬಲ್, ರೋ, ಸೆಲ್ ಎಂಬ ರೋಲ್‌ಗಳನ್ನು ಎಚ್‌ಟಿಎಂಎಲ್‌ನಲ್ಲಿ ಬರೆದಿಡಿ.

ಎರಡಕ್ಕೂ ಬಗ್ಗದ ಕೋಷ್ಟಕವಿದ್ದರೆ ತೊಂದರೆ ವಿಷಯದಲ್ಲೇ ಇದೆ. 14 ಕಾಲಂಗಳ ಶುಲ್ಕದ ಪಟ್ಟಿ ಕಚೇರಿಯ ಲೆಕ್ಕಕ್ಕೆಂದು ಹುಟ್ಟಿದ್ದು. ಕಲಿಯಲು ಬರುವವರಿಗೆ ತಮ್ಮ ಕೋರ್ಸಿನ ಒಟ್ಟು ಮೊತ್ತ, ಕಂತು, ಕೊನೆಯ ದಿನ ಸಾಕು. ಅದನ್ನು ಆಯಾ ಕೋರ್ಸಿನ ಪುಟಕ್ಕೆ ಹಂಚಿ. ವಾರದ ವೇಳಾಪಟ್ಟಿಯನ್ನು ಫೋನಿನಲ್ಲಿ ದಿನದ ಪಟ್ಟಿಯಾಗಿ ತೋರಿಸಿ. ಜಾಗವಿಲ್ಲವೆಂದು ಕೆಲವು ಕಾಲಂಗಳನ್ನು ಫೋನಿನಲ್ಲಿ ಅಡಗಿಸುವುದು ಮಾತ್ರ ಬೇಡವೇ ಬೇಡ. ಅಡಗಿದ ಕಾಲಂನಲ್ಲೇ ದಂಡದ ಷರತ್ತು ಇದ್ದರೆ ಓದಿದವರು ಅದನ್ನು ತಿಳಿಯದೆಯೇ ಅರ್ಜಿ ಹಾಕಿರುತ್ತಾರೆ.

ಅರ್ಜಿ ನಮೂನೆ ಒಂದೇ ಕಾಲಂನಲ್ಲಿರಲಿ, ಪ್ರತಿ ಖಾನೆಯ ಹೆಸರು ಅದರ ಮೇಲೆ ಇರಲಿ. ಖಾನೆಯ ಒಳಗೆ ಮಸುಕಾಗಿ ಬರೆದ ಹೆಸರು ಟೈಪ್ ಮಾಡತೊಡಗಿದ ತಕ್ಷಣ ಮಾಯವಾಗುತ್ತದೆ. ಖಾನೆಯ ಅಕ್ಷರ 16 ಪಿಕ್ಸೆಲ್‌ಗಿಂತ ಚಿಕ್ಕದಿದ್ದರೆ ಐಫೋನಿನ ಸಫಾರಿ ಅದನ್ನು ಮುಟ್ಟಿದಾಗ ಇಡೀ ಪುಟವನ್ನು ಹಿಗ್ಗಿಸುತ್ತದೆ. ಫೋನ್ ಸಂಖ್ಯೆಗೆ ಟೈಪ್ ಟೆಲ್, ಅಂಚೆಯ ಪಿನ್ ಕೋಡಿಗೆ ಇನ್‌ಪುಟ್‌ಮೋಡ್ ನ್ಯೂಮರಿಕ್ ಕೊಡಿ. ಟೈಪ್ ನಂಬರ್ ಎಣಿಕೆಗೆ ಮಾತ್ರ, ಇಲ್ಲವಾದರೆ ಮೊದಲ ಸೊನ್ನೆ ಬಿದ್ದುಹೋಗುವ ಅಪಾಯವಿದೆ. ಆಟೊಕಂಪ್ಲೀಟ್ ಬರೆದಿದ್ದರೆ ಹೆಸರು, ವಿಳಾಸವನ್ನು ಫೋನೇ ತುಂಬುತ್ತದೆ. ಒಟಿಪಿ ಖಾನೆಯ ಆಟೊಕಂಪ್ಲೀಟ್‌ನಲ್ಲಿ ಒನ್-ಟೈಮ್-ಕೋಡ್ ಎಂದು ಬರೆಯಿರಿ. ಜನ್ಮದಿನಾಂಕಕ್ಕೆ ಕ್ಯಾಲೆಂಡರ್ ಬೇಡ, 30 ವರ್ಷ ಹಿಂದಕ್ಕೆ ತಿಂಗಳು ತಿಂಗಳಾಗಿ ಸರಿಸುವ ಕಷ್ಟ ಯಾರಿಗೂ ಬೇಕಿಲ್ಲ. ದಿನ, ತಿಂಗಳು, ವರ್ಷ ಎಂದು ಮೂರು ಖಾನೆ ಸಾಕು.

ಭಾವಚಿತ್ರ 200 ಕೆಬಿ ಮೀರಬಾರದು ಎಂಬ ಷರತ್ತು ಫೋನಿನಿಂದ ಅರ್ಜಿ ಹಾಕುವವರನ್ನು ನಡುವೆಯೇ ಹೊರಗಟ್ಟುತ್ತದೆ. ಫೋನಿನ ಕ್ಯಾಮೆರಾ ತೆಗೆಯುವ ಚಿತ್ರವೇ ಹಲವು ಎಂಬಿ ಇರುತ್ತದೆ. ದೊಡ್ಡದನ್ನೇ ತೆಗೆದುಕೊಂಡು ಸರ್ವರ್ ಕುಗ್ಗಿಸಲಿ. ತಪ್ಪಿನ ಸಂದೇಶ ಆಯಾ ಖಾನೆಯ ಪಕ್ಕದಲ್ಲೇ ಬರಬೇಕು, ತುಂಬಿದ್ದು ಅಳಿಯಬಾರದು. ಶುಲ್ಕ ಪಾವತಿಯ ಪುಟ, ನಕ್ಷೆ, ಚಾಟ್ ಪೆಟ್ಟಿಗೆಯಂತಹ ಹೊರಗಿನವರ ತುಣುಕುಗಳನ್ನೂ ಇದೇ ಕಣ್ಣಿನಿಂದ ನೋಡಿ. ಮೂಲೆಯಲ್ಲಿ ತೇಲುವ ಚಾಟ್ ಬಟನ್ ಸಲ್ಲಿಸು ಬಟನ್ನಿನ ಮೇಲೆಯೇ ಕೂರುವುದು ಸಾಮಾನ್ಯ.

ವೇಗ, ಪರೀಕ್ಷೆ, ಬಿಡುಗಡೆ

ವೇಗಕ್ಕೆ ಗೂಗಲ್ ಇಟ್ಟಿರುವ ಮೂರು ಅಳತೆಗಳು ಸಾಕು: ಮುಖ್ಯ ಅಂಶ 2.5 ಸೆಕೆಂಡಿನೊಳಗೆ ಕಾಣಬೇಕು, ತಟ್ಟಿದ್ದಕ್ಕೆ 200 ಮಿಲಿಸೆಕೆಂಡಿನೊಳಗೆ ಪ್ರತಿಕ್ರಿಯೆ ಬರಬೇಕು, ಪುಟದ ಅಲುಗಾಟ 0.1 ಮೀರಬಾರದು. ನಾಲ್ಕು ಭೇಟಿಗಳಲ್ಲಿ ಮೂರಾದರೂ ಈ ಮಿತಿಯೊಳಗಿರಬೇಕು. ಸಾಧಾರಣ ಫೋನಿನಲ್ಲಿ ಹೆಚ್ಚು ಹೊತ್ತು ತಿನ್ನುವುದು ಜಾವಾಸ್ಕ್ರಿಪ್ಟ್. ಕಡತ ಇಳಿಯುವ ಸಮಯದ ಮೇಲೆ ಅದನ್ನು ಓದಿ ನಡೆಸುವ ಸಮಯವೂ ಸೇರುತ್ತದೆ. ಮಾಹಿತಿ ಪುಟದ ಜಾವಾಸ್ಕ್ರಿಪ್ಟ್ ಸಂಕುಚಿತ ರೂಪದಲ್ಲಿ 150 ಕೆಬಿ ಮೀರದಂತೆ ಮಿತಿ ಹಾಕಿ. ಥೀಮಿನ ಜಾರುಚಿತ್ರ, ಅನಿಮೇಷನ್ ಮೊದಲು ಹೋಗಲಿ.

ಬ್ರೌಸರಿನ ಡೆವಲಪರ್ ಸಾಧನ ಮುಖ್ಯವಾಗಿ ಅಗಲವನ್ನು ಅನುಕರಿಸುತ್ತದೆ. ಪ್ರೊಸೆಸರಿನ ನಿಧಾನವನ್ನು ಅಂದಾಜಿಗೆ ಮಾತ್ರ ತೋರಿಸುತ್ತದೆ. ಪರದೆಯ ಅರ್ಧ ಮುಚ್ಚುವ ಕೀಲಿಮಣೆ, ಸರಿಯುವ ವಿಳಾಸಪಟ್ಟಿ ಅಲ್ಲಿ ಸಿಗುವುದಿಲ್ಲ. ಕೆಲವು ವರ್ಷ ಹಳೆಯ ಸಾಧಾರಣ ಆಂಡ್ರಾಯ್ಡ್, ಒಂದು ಐಫೋನ್, ಉದ್ದ ಅಡ್ಡ ಎರಡೂ ಹಿಡಿದ ಟ್ಯಾಬ್ಲೆಟ್, ಶೇ 400 ಹಿಗ್ಗಿಸಿದ ಕಂಪ್ಯೂಟರ್ ಇಷ್ಟನ್ನು ಕೈಯಲ್ಲಿಟ್ಟುಕೊಂಡು ನೋಡಿ. ಫೋನಿನ ಅಕ್ಷರ ಗಾತ್ರ ಹೆಚ್ಚಿಸಿ, ಟಾಕ್‌ಬ್ಯಾಕ್ ಅಥವಾ ವಾಯ್ಸ್‌ಓವರ್ (ಆಂಡ್ರಾಯ್ಡ್, ಐಫೋನ್‌ಗಳ ಸ್ಕ್ರೀನ್ ರೀಡರ್) ಹಾಕಿ ಒಂದು ಅರ್ಜಿಯನ್ನು ಮೊದಲಿಂದ ಕೊನೆಯವರೆಗೆ ತುಂಬಿ. ಸೈಟ್ ನೋಡದ ನಾಲ್ಕೈದು ಜನರಿಗೆ ಫೋನ್ ಕೊಟ್ಟು, ಒಂದು ಕೋರ್ಸಿನ ಶುಲ್ಕ ಹುಡುಕಿ ಎಂದು ಹೇಳಿ ಸುಮ್ಮನೆ ಪಕ್ಕದಲ್ಲಿ ಕುಳಿತುಕೊಳ್ಳಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ಕೆಲಸ ಬಾಕಿ ಇದೆ.

ಪ್ರವೇಶದ ತಿಂಗಳಿನ ಹತ್ತಿರ ಬಿಡುಗಡೆ ಇಟ್ಟುಕೊಳ್ಳಬೇಡಿ. ಸಾಧ್ಯವಿದ್ದರೆ ಒಂದೊಂದೇ ನಮೂನೆಯನ್ನು ಬದಲಿಸುತ್ತ ಹೋಗಿ. ವಿಳಾಸಗಳನ್ನು ಬದಲಿಸದಿರುವುದೇ ಒಳ್ಳೆಯದು. ಬದಲಿಸಲೇಬೇಕಾದಲ್ಲಿ ಸ್ಪ್ರೆಡ್‌ಶೀಟಿನ ಪುಟದ ವಿಳಾಸ, ಹೊಸ ವಿಳಾಸ ಎಂಬ ಎರಡು ಕಾಲಂಗಳಿಂದಲೇ 301 ಮರುನಿರ್ದೇಶನದ (ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳಿಸುವ) ಪಟ್ಟಿ ತಯಾರಿಸಿ, ಕನಿಷ್ಠ ಒಂದು ವರ್ಷ ಉಳಿಸಿ. ಹಳೆಯ ಪುಟಗಳನ್ನೆಲ್ಲ ಮುಖಪುಟಕ್ಕೆ ತಿರುಗಿಸಿದರೆ ಹುಡುಕಾಟದಲ್ಲಿ ಅವು ಇಲ್ಲದ ಪುಟಗಳೆಂದೇ ಗಣನೆಯಾಗುತ್ತವೆ. ಸರ್ವರ್ ಬದಲಾಗುವುದಾದರೆ ಡಿಎನ್‌ಎಸ್‌ನ ಟಿಟಿಎಲ್ ಅನ್ನು (ಸೈಟಿನ ಹೆಸರು ಯಾವ ಸರ್ವರಿಗೆ ಸೇರಿದ್ದೆಂಬ ಹಳೆಯ ಉತ್ತರವನ್ನು ಎಷ್ಟು ಹೊತ್ತು ನೆನಪಿಡಬೇಕೆಂಬ ಅವಧಿ) ಒಂದೆರಡು ದಿನ ಮೊದಲೇ 300 ಸೆಕೆಂಡಿಗೆ ಇಳಿಸಿ. ಬಿಡುಗಡೆಯ ದಿನ ಮೊದಲು ನೋಡಬೇಕಾದದ್ದು, ಹುಡುಕಾಟದಲ್ಲಿ ತೋರಿಸಬೇಡಿ ಎಂದು ಪರೀಕ್ಷಾ ಸೈಟಿಗೆ ಹಾಕಿದ್ದ ನೋಇಂಡೆಕ್ಸ್ ಉಳಿದಿದೆಯೇ ಎಂಬುದು. ಉಳಿದರೆ ಕೆಲವೇ ವಾರಗಳಲ್ಲಿ ಇಡೀ ಸೈಟ್ ಹುಡುಕಾಟದಿಂದ ಕಾಣೆಯಾಗುತ್ತದೆ. ಯಾವುದನ್ನು ಓದಬಹುದೆಂದು ಹುಡುಕಾಟದ ಯಂತ್ರಗಳಿಗೆ ಹೇಳುವ ರೋಬೋಟ್ಸ್ ಕಡತ ಸಿಎಸ್‌ಎಸ್, ಜಾವಾಸ್ಕ್ರಿಪ್ಟ್‌ಗಳನ್ನು ತಡೆಯುತ್ತಿಲ್ಲವೇ ಎಂದೂ ನೋಡಿ.

ಗುತ್ತಿಗೆಪತ್ರದಲ್ಲಿ ‘ಮೊಬೈಲ್ ಸ್ನೇಹಿ ವೆಬ್‌ಸೈಟ್’ ಎಂಬ ಮಾತನ್ನು ಒಪ್ಪಬೇಡಿ, ಅದನ್ನು ಅಳೆಯಲಾಗುವುದಿಲ್ಲ. ಬದಲಿಗೆ ಹೀಗೆ ಬರೆಸಿ: ಎಲ್ಲ ನಮೂನೆಗಳೂ 320 ಪಿಕ್ಸೆಲ್ ಅಗಲದಲ್ಲಿ ಅಡ್ಡಪಟ್ಟಿಯಿಲ್ಲದೆ ತೆರೆಯಬೇಕು, ಅರ್ಜಿಯನ್ನು ಹೆಸರಿಸಿದ ಎರಡು ಫೋನುಗಳಲ್ಲಿ ಪೂರ್ತಿ ಸಲ್ಲಿಸಲಾಗಬೇಕು, ಡಬ್ಲ್ಯುಸಿಎಜಿ 2.2ರ ಎಎ ಮಟ್ಟ ಮುಟ್ಟಬೇಕು, ಮರುನಿರ್ದೇಶನದ ಪಟ್ಟಿಯ ಪ್ರತಿ ಸಾಲೂ ಸರಿಯಾದ ಪುಟಕ್ಕೆ ಹೋಗಬೇಕು. ಇನ್ನೊಂದು ಷರತ್ತು ಹೆಚ್ಚಿನವರು ಬಿಡುತ್ತಾರೆ: ಸಿಬ್ಬಂದಿ ಪಠ್ಯ ಸೇರಿಸುವ ಎಡಿಟರ್, ವರ್ಡ್‌ನಿಂದ ಅಂಟಿಸಿದ ಅಗಲ, ಬಣ್ಣ, ಫಾಂಟ್‌ಗಳನ್ನು ತಾನೇ ಕಳಚಬೇಕು, ಚಿತ್ರಗಳನ್ನು ತಾನೇ ನಾಲ್ಕು ಅಗಲಗಳಿಗೆ ಕುಗ್ಗಿಸಬೇಕು, ಟೇಬಲ್ ಸೇರಿಸಿದಾಗ ಸುತ್ತಲಿನ ಪೆಟ್ಟಿಗೆಯನ್ನು ತಾನೇ ಹಾಕಬೇಕು. ಇಷ್ಟು ಇಲ್ಲದಿದ್ದರೆ ಬಿಡುಗಡೆಯಾದ ಮರುತಿಂಗಳೇ ಯಾರೋ ಅಂಟಿಸಿದ 950 ಪಿಕ್ಸೆಲ್ ಟೇಬಲ್ ಮತ್ತೆ ಪುಟದಾಚೆ ಚಾಚಿಕೊಳ್ಳುತ್ತದೆ.